ಫಿಟ್ಸ್‌ಗೆ ಎರಡನೇ ಮಾತ್ರೆ ಸೇರಿದಾಗ

ನನ್ನ ತಮ್ಮ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಾನೆ. ಅದರ ಜೊತೆ ಲ್ಯಾಮೊಟ್ರಿಜಿನ್ ಸೇರಿಸಿದಾಗ ಡಾಕ್ಟರು ಬರೆದದ್ದು 25 ಮಿಲಿಗ್ರಾಂ, ಅದೂ ದಿನ ಬಿಟ್ಟು ದಿನ. ಇಷ್ಟೇನಾ ಅಂದುಕೊಂಡೆ. ಕಾರಣ ಆಮೇಲೆ ತಿಳಿಯಿತು. ಲ್ಯಾಮೊಟ್ರಿಜಿನ್ ಅನ್ನು ಹೊರಹಾಕಲು ತಯಾರು ಮಾಡುವುದು ಲಿವರ್. ವಾಲ್‌ಪ್ರೊಯೇಟ್ ಆ ಕೆಲಸಕ್ಕೇ ಅಡ್ಡ ಬರುತ್ತದೆ. ಹಾಗಾಗಿ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಮಟ್ಟ ಸುಮಾರು ಎರಡು ಪಟ್ಟಾಗುತ್ತದೆ. ಡೋಸ್ ಬೇಗ ಏರಿಸಿದರೆ ಚರ್ಮದ ಮೇಲೆ ಅಪಾಯಕಾರಿ ದದ್ದು ಏಳುವ ಸಾಧ್ಯತೆ ಜಾಸ್ತಿ. ಫಿಟ್ಸ್‌ನ ಬೇರೆ ಮಾತ್ರೆಗಳಾದ ಕಾರ್ಬಮಜೆಪಿನ್, ಫೆನಿಟಾಯಿನ್ ಇದಕ್ಕೆ ಉಲ್ಟಾ: ಲ್ಯಾಮೊಟ್ರಿಜಿನ್ ಮಟ್ಟ ಇಳಿಸುತ್ತವೆ.

ದಿನ ಬಿಟ್ಟು ದಿನ ಅಂದರೆ ಮರೆಯುವುದು ಗ್ಯಾರಂಟಿ, ಅಲ್ವಾ? ಗೋಡೆ ಕ್ಯಾಲೆಂಡರ್‌ನಲ್ಲಿ ಮಾತ್ರೆಯ ದಿನಗಳಿಗೆ ಮೊದಲೇ ಸುತ್ತು ಹಾಕಿ.

ಮೊದಲ ಎರಡು ತಿಂಗಳು ಸ್ನಾನವಾದ ಮೇಲೆ ಮೈ ನೋಡಿ. ದದ್ದು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಜ್ವರ, ಬಾಯಿಹುಣ್ಣು ಸೇರಿದರೆ ನೇರ ಆಸ್ಪತ್ರೆಗೆ ಹೋಗಿ. ಸೆಖೆಬೊಕ್ಕೆ ಅಂತ ಸುಮ್ನೆ ಕೂರಬೇಡಿ.

ಹಳೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾಲ್‌ಪ್ರೊಯೇಟ್ ನಿಂತರೆ ಲ್ಯಾಮೊಟ್ರಿಜಿನ್ ಮಟ್ಟ ಕುಸಿದು ಫಿಟ್ಸ್ ಮರಳಬಹುದು. ಈಸ್ಟ್ರೊಜೆನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಯೂ ಅದನ್ನು ಇಳಿಸುತ್ತದೆ. ಹೆಣ್ಣುಮಕ್ಕಳು ನಾಚಿಕೊಳ್ಳದೆ ಹೇಳಿಬಿಡಿ.

ಯಾವ ಡಾಕ್ಟರ ಹತ್ತಿರ ಹೋದರೂ ಎಲ್ಲಾ ಸ್ಟ್ರಿಪ್ ಒಂದೇ ಚೀಲದಲ್ಲಿ ಒಯ್ಯಿರಿ. ನಮ್ಮದು ಹಳೇ ಬಟ್ಟೆ ಚೀಲ.