ಲಿಫ್ಟ್ ಮಾಡಿಸಿದ ಪಿಕಪ್‌ನಲ್ಲಿ ಟೈರ್ ಉಜ್ಜುತ್ತಿದ್ದರೆ
ಸಸ್ಪೆನ್ಷನ್ ಎತ್ತರಿಸಿ ದಪ್ಪ ಟೈರ್ ಹಾಕಿಸಿದ ಮೇಲೆ ಆಗುಂಬೆ ಘಾಟಿಯ ತಿರುವಿನಲ್ಲಿ ಕರ್ ಕರ್ ಅಂತ ಸದ್ದು ಬರುತ್ತಿದೆಯಾ? ಸುಮ್ನೆ ಇನ್ನೂ ಎತ್ತರಿಸಲು ಹೋಗಬೇಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ತಾಗುವುದು ಹೆಚ್ಚಾಗಿ ಮಡ್ ಫ್ಲಾಪ್‌ಗೋ ಚಕ್ರದ ಮೇಲಿನ ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್‌ಗೋ, ಅಲ್ಲಿ ಎತ್ತರದಿಂದ ದೊಡ್ಡ ಲಾಭವಿಲ್ಲ. ಮೆತ್ತಿಕೊಂಡ ಕೆಂಪು ಮಣ್ಣು ತೊಳೆದು, ಒಣಗಿದ ಮೇಲೆ ಫ್ಲಾಪ್, ಲೈನರ್ ಮೇಲೆ ಸೀಮೆಸುಣ್ಣ ಬಳಿದು, ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ. ಸುಣ್ಣ ಅಳಿಸಿದ ಕಡೆಯೇ ತಾಗುತ್ತಿದೆ. ಫ್ಲಾಪ್ ಆದರೆ ಅಂಚು ಕತ್ತರಿಸಿ. ಲೈನರ್ ಆದರೆ ಹಿಂದೆ ವೈರ್ ಇದೆಯಾ ನೋಡಿಕೊಂಡು ಹೀಟ್ ಗನ್‌ನಲ್ಲಿ ಬಿಸಿ ಮಾಡಿ ಒಳಕ್ಕೆ ಒತ್ತಿ. ಅಲೈನ್‌ಮೆಂಟ್ ಮಾಡಿಸುವಾಗ ಕ್ಯಾಸ್ಟರ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ಕೂಡ ನೋಡಲು ಹೇಳಿ, ಇದನ್ನು ಜಾಸ್ತಿ ಜನ ಬಿಟ್ಟೇಬಿಡುತ್ತಾರೆ. ಬ್ರೇಕ್ ಹೋಸ್ ಮೇಲೆ ಉಜ್ಜಿದ ಗುರುತು ಕಂಡರೆ ಮಾತ್ರ ಗಾಡಿ ಓಡಿಸಲೇಬೇಡಿ, ಮೆಕ್ಯಾನಿಕ್ ಕರೆಸಿ.