ದಿನದ ಡೇಟಾ ಎಲ್ಲಿ ಹೋಯಿತು? ಲ್ಯಾಪ್‌ಟಾಪ್‌ನಲ್ಲೇ ಹುಡುಕಿ

ಮೊನ್ನೆ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ ಒಂದು ಮೇಲ್ ಕಳಿಸಲು ಕೂತಿದ್ದೆ. ಮೇಲ್ ಬರೆದು ಮುಗಿಸುವಷ್ಟರಲ್ಲಿ ದಿನದ ಒಂದೂವರೆ ಜಿಬಿ ಖಾಲಿ! ತಿಂದವರು ಯಾರು ಅಂತ ಪತ್ತೆ ಮಾಡಲು ಹೊಸದೇನನ್ನೂ ಹಾಕಿಕೊಳ್ಳಬೇಕಿಲ್ಲ. ವಿಂಡೋಸ್‌ನಲ್ಲೇ ದಾರಿ ಇದೆ.

ಸ್ಟಾರ್ಟ್ ಒತ್ತಿ, 'ರಿಸೋರ್ಸ್ ಮಾನಿಟರ್' ಹುಡುಕಿ ತೆರೆಯಿರಿ. ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಮೇಲಿನ ಪಟ್ಟಿಯಲ್ಲಿ ನೆಟ್ ಬಳಸುತ್ತಿರುವ ಪ್ರೋಗ್ರಾಂಗಳೆಲ್ಲ ಕಾಣುತ್ತವೆ. 'ಟೋಟಲ್' ಮೇಲೆ ಒಂದೆರಡು ಸಲ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುವುದು ಮೇಲ್ತುದಿಗೆ ಬರುತ್ತದೆ. 'ಸೆಂಡ್' ಅಂದರೆ ಈಗ ಇಲ್ಲಿಂದ ಹೋಗುತ್ತಿರುವುದು, 'ರಿಸೀವ್' ಅಂದರೆ ಇಲ್ಲಿಗೆ ಬರುತ್ತಿರುವುದು. ನನ್ನ ಪಟ್ಟಿಯ ತುದಿಯಲ್ಲಿ ಕೂತಿದ್ದು ಫೋಟೊ ಬ್ಯಾಕಪ್ ಪ್ರೋಗ್ರಾಂ. ಸೆಂಡ್ ಅಂಕಣ ಓಡುತ್ತಲೇ ಇತ್ತು. ಮನೆಯ ಮದುವೆ ಫೋಟೊಗಳೆಲ್ಲ ಸದ್ದಿಲ್ಲದೆ ಅಪ್‌ಲೋಡ್ ಆಗುತ್ತಿದ್ದವು.

ಆ ಹೆಸರಿನ ಪಕ್ಕದ ಚೌಕಕ್ಕೆ ಟಿಕ್ ಹಾಕಿ. ಕೆಳಗಿನ 'ಟಿಸಿಪಿ ಕನೆಕ್ಷನ್ಸ್' ಭಾಗದಲ್ಲಿ ಅದರ ಸಂಪರ್ಕಗಳಷ್ಟೇ ಉಳಿಯುತ್ತವೆ. ರಿಮೋಟ್ ಅಡ್ರೆಸ್ ಅಂದರೆ ಆ ಕಡೆಯ ಕಂಪ್ಯೂಟರ್. ಅದನ್ನು ಬಸ್ ನಿಲ್ದಾಣ ಅಂದುಕೊಂಡರೆ ಪೋರ್ಟ್ ಅನ್ನುವುದು ಪ್ಲಾಟ್‌ಫಾರಂ ನಂಬರ್. ರಿಮೋಟ್ ಪೋರ್ಟ್ 443 ಇದ್ದರೆ ಸಾಮಾನ್ಯವಾಗಿ ಬೀಗ ಹಾಕಿದ, ಅಂದರೆ ನಡುವೆ ಬೇರೆಯವರು ಓದಲಾಗದ ವೆಬ್ ಸಂಪರ್ಕ. ಅಡ್ರೆಸ್ 127.0.0.1 ಅಂದರೆ ಕಂಪ್ಯೂಟರ್ ತನ್ನೊಂದಿಗೇ ಮಾತಾಡಿಕೊಳ್ಳುತ್ತಿದೆ. 192.168 ಎಂದು ಶುರುವಾದರೆ ಮನೆಯ ರೌಟರ್, ಪ್ರಿಂಟರ್ ಇಂಥವು.

ಬೇರೆ ದೇಶದ ವಿಳಾಸ ಕಂಡರೆ ಸುಮ್ನೆ ಗಾಬರಿ ಬೇಡ. ದೊಡ್ಡ ಕಂಪನಿಗಳ ಸರ್ವರ್‌ಗಳು ಎಲ್ಲೆಲ್ಲೋ ಇರುತ್ತವೆ. ವಿಳಾಸಕ್ಕಿಂತ ಪ್ರೋಗ್ರಾಂ ಎಲ್ಲಿ ಕೂತಿದೆ ಅನ್ನುವುದೇ ಮುಖ್ಯ. 'ಎಸ್‌ವಿಸಿಹೋಸ್ಟ್' (svchost.exe) ಹತ್ತಾರು ಸಲ ಕಾಣುತ್ತದೆ. ಅದು ವಿಂಡೋಸ್‌ನದೇ, ಸಿಸ್ಟಮ್32 ಫೋಲ್ಡರ್‌ನಲ್ಲಿರುತ್ತದೆ. ಅದೇ ಹೆಸರಿನದು ಡೌನ್‌ಲೋಡ್ಸ್‌ನಲ್ಲಿ ಕೂತಿದ್ದರೆ? ಮೊದಲು ವೈ-ಫೈ ಆಫ್ ಮಾಡಿ, ಆಮೇಲೆ ಆ್ಯಂಟಿವೈರಸ್ ಓಡಿಸಿ. ಜಾಗ ನೋಡುವುದು ಹೀಗೆ: ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಓಪನ್ ಫೈಲ್ ಲೊಕೇಶನ್' ಒತ್ತಿ.

'ಲಿಸನಿಂಗ್ ಪೋರ್ಟ್ಸ್' ಪಟ್ಟಿಯೂ ಅಲ್ಲೇ ಇದೆ. ಯಾರಾದರೂ ಕರೆಯಬಹುದು ಅಂತ ಕಾದು ಕೂತ ಪ್ರೋಗ್ರಾಂಗಳವು. ಹೊಸಬರು ಸದ್ಯಕ್ಕೆ ಅದನ್ನು ಬಿಡಬಹುದು.

ಇನ್ನು ಡೇಟಾ ಉಳಿಸುವ ಮಾತು. ವೈ-ಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟ್‌ನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' (ಡೇಟಾಗೆ ಮಿತಿ ಇರುವ ಸಂಪರ್ಕ) ಆನ್ ಮಾಡಿ. ವಿಂಡೋಸ್ ಅಪ್‌ಡೇಟ್‌ಗಳು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಎಲ್ಲ ಪ್ರೋಗ್ರಾಂಗಳೂ ಈ ಮಾತು ಕೇಳುವುದಿಲ್ಲ. ನನ್ನ ಬ್ಯಾಕಪ್ ಮಹಾಶಯ ಕೇಳಲಿಲ್ಲ. ಅದರೊಳಗೇ ಹೋಗಿ 'ಪಾಸ್' (Pause, ಸದ್ಯಕ್ಕೆ ನಿಲ್ಲಿಸು) ಒತ್ತಬೇಕಾಯಿತು.