ಹಳೇ ಸಾಗವಾನಿ ಸರಿ ಮಾಡಿ ಮಾರುವುದು ಹೇಗೆ? ಮೊದಲು ಗ್ರೈಂಡರ್ ಬದಿಗಿಡಿ

ಹಳೇ ಕುರ್ಚಿ, ಮೇಜು, ಕಪಾಟು ತಂದು ಸರಿ ಮಾಡಿ ಮಾರುವ ಹುರುಪು ಬೆಳಗಾವಿಯಲ್ಲಿ ಈಗ ಸುಮಾರು ಜನರಿಗಿದೆ. ಒಳ್ಳೇದೇ. ಆದರೆ ಬಹಳಷ್ಟು ಮಂದಿ ಸಾಮಾನು ಮನೆಗೆ ಬಂದ ದಿನವೇ ಗ್ರೈಂಡರಿಗೆ ಡಿಸ್ಕ್ ಸಿಕ್ಕಿಸಿ ಕುರ್ಚಿಯ ಮೈ ಸುಲಿದುಬಿಡುತ್ತಾರೆ. ವರ್ಷಗಟ್ಟಲೆ ಕೈ ತಾಗಿ ತಾಗಿ ಬಂದ ಬಣ್ಣ ಹತ್ತು ನಿಮಿಷದಲ್ಲಿ ಧೂಳಾಗಿ ಹೋಗುತ್ತದೆ. ತೋಳಿನ ಮೇಲೆ ದುಂಡನೆಯ ಗೀರು ಬೀಳುತ್ತವೆ. ಆ ಗೀರು ಮುಚ್ಚಲು ಕಪ್ಪನೆ ವಾಲ್ನಟ್ ಬಣ್ಣ ಬಳಿಯುತ್ತಾರೆ. ಆಮೇಲೆ ಅದು ಹೊಸದೂ ಅಲ್ಲ, ಹಳೇದೂ ಅಲ್ಲ. ಗಿರಾಕಿ ದುಡ್ಡು ಕೊಡುವುದೇ ಹಳೇತನಕ್ಕೆ ಅಲ್ವಾ? ಅದನ್ನೇ ಉಜ್ಜಿ ಚೆಲ್ಲಿದ ಮೇಲೆ ಮಾರುವುದೇನು?

ಅದಕ್ಕೇ ಈ ಲೇಖನದಲ್ಲಿ ಹಳೇ ಪಾಲಿಶ್ ತೆಗೆಯುವ ಹಂತಕ್ಕೇ ಹೆಚ್ಚು ಜಾಗ. ಉಳಿದದ್ದನ್ನು ಬೇಗ ಮುಗಿಸೋಣ.

ಹಂತ 1: ಮಾಲು ಹುಡುಕಿ

ಖಾನಾಪುರ, ದಾಂಡೇಲಿ ಕಾಡು ಹತ್ತಿರ ಇರುವುದರಿಂದ ನಮ್ಮೂರಿನ ಸಾಧಾರಣ ಮನೆಗಳಲ್ಲೂ ಸಾಗವಾನಿ ಸಾಮಾನು ಇರುತ್ತದೆ. ಶಹಾಪುರ, ವಡಗಾವಿ, ಅನಗೋಳದ ಕಡೆ ಹಳೇ ಮನೆ ಕೆಡವುವಾಗ ಹೋಗಿ ಕೇಳಿ. ಕ್ಯಾಂಪಿನಲ್ಲಿ (ಮಿಲಿಟರಿ ಪ್ರದೇಶ) ವರ್ಗ ಆಗಿ ಹೋಗುವವರು ಭಾರದ ಸಾಮಾನು ಬಿಟ್ಟೇ ಹೋಗುತ್ತಾರೆ. ಮೋಡಕಾ (ಗುಜರಿ) ಅಂಗಡಿಯವರ ಹತ್ತಿರ ಫೋನ್ ನಂಬರ್ ಕೊಟ್ಟಿಡಿ, ಮಾಲು ಬಂದಾಗ ಅವರೇ ಕರೆಯುತ್ತಾರೆ.

ಕೊಳ್ಳುವ ಮುಂಚೆ ಬೋರಲು ಹಾಕಿ ನೋಡಿ. ಮುಂದಿನಿಂದ ಎಲ್ಲಾ ಚೆಂದವೇ ಕಾಣುತ್ತದೆ, ನಿಜ ಗೊತ್ತಾಗುವುದು ಅಡಿಯಲ್ಲಿ. ಸಣ್ಣ ತೂತುಗಳ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗೇ ಇದೆ. ಸಾಗವಾನಿಯ ಕೆಂಚು ತಿರುಳಿಗೆ ಹುಳ ಬಾಯಿ ಹಾಕುವುದು ಅಪರೂಪ. ಅಂಚಿನ ಬಿಳಿ ಭಾಗವನ್ನು ಮಾತ್ರ ತಿನ್ನುತ್ತದೆ. ಆ ಬಿಳಿ ಪಟ್ಟಿ ಕಾಲಿನಲ್ಲೋ ಅಡ್ಡಪಟ್ಟಿಯಲ್ಲೋ ಜಾಸ್ತಿ ಇದ್ದರೆ ಬೆಲೆ ಇಳಿಸಿ ಕೇಳಿ. ಮಂಚ ಆದರೆ ಸಂದಿಗಳಲ್ಲಿ ತಗಣಿ ನೋಡಿ. ಬಿಸಿಲಿಗಿಟ್ಟರೆ ಹೋಗುತ್ತವೆ ಅನ್ನುವುದು ಸುಮ್ನೆ ಮಾತು, ಕುದಿಯುವ ನೀರನ್ನು ಸಂದಿಗೇ ಸುರಿಯಬೇಕು. ಪಾರ್ಟಿಕಲ್ ಬೋರ್ಡಿನ ಕಂಪ್ಯೂಟರ್ ಟೇಬಲ್ಲು, ಟಿವಿ ಸ್ಟ್ಯಾಂಡು ಪುಕ್ಕಟೆ ಕೊಟ್ಟರೂ ತರಬೇಡಿ. ನೀರು ಕುಡಿದು ಉಬ್ಬಿದ ಮೂಲೆ ಮತ್ತೆ ಸರಿಯಾಗುವುದಿಲ್ಲ.

ಇನ್ನೊಂದು ಮಾತು. ಕಲಘಟಗಿಯ ಬಣ್ಣದ ತೊಟ್ಟಿಲು ಸಿಕ್ಕರೆ ಅದರ ಬಣ್ಣ ಮುಟ್ಟಲೇಬೇಡಿ. ಅದು ಅರಗಿನ ಬಣ್ಣ, ಅದರಲ್ಲಿ ಚಿತ್ರ ಬರೆದಿರುತ್ತಾರೆ. ಒಣ ಬಟ್ಟೆಯಲ್ಲಿ ಒರೆಸಿ ಇದ್ದ ಹಾಗೇ ಮಾರಿ. ಪಾಲಿಶ್ ಕರಗಿಸುವ ಸ್ಪಿರಿಟ್ ತಾಗಿದರೆ ಚಿತ್ರ ಕರಗಿ ಬಟ್ಟೆಗೆ ಬರುತ್ತದೆ.

ಹಂತ 2: ತೊಳೆಯಿರಿ

ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಜಿಡ್ಡಿದ್ದ ಕಡೆ ಟರ್ಪೆಂಟೈನ್ ಹಚ್ಚಿ ಒರೆಸಿ, ನೆರಳಲ್ಲಿ ಒಂದು ದಿನ ಬಿಡಿ. ಅಷ್ಟೇ.

ಹಂತ 3: ಅಲುಗಾಡುವ ಕೀಲು ಬಿಗಿ ಮಾಡಿ

ಮೊಳೆ ಹೊಡೆಯಬೇಡಿ. ಮೊಳೆ ಹೊಡೆದ ಕೀಲು ಮೊದಲು ನಿಲ್ಲುತ್ತದೆ, ಆಮೇಲೆ ಸೀಳುತ್ತದೆ. ಹಳೇ ಕುರ್ಚಿಗಳಲ್ಲಿ ಹಾಕಿದ್ದು ಸರಸು, ಅಂದರೆ ಪ್ರಾಣಿಗಳ ತೊಗಲು, ಎಲುಬಿನಿಂದ ಮಾಡಿದ ಅಂಟು. ಬಿಸಿನೀರಿನ ಬಟ್ಟೆ ಸ್ವಲ್ಪ ಹೊತ್ತು ಸುತ್ತಿಟ್ಟರೆ ಅದು ಮೆತ್ತಗಾಗಿ ಕೀಲು ಬಿಚ್ಚುತ್ತದೆ. ಹಳೇ ಅಂಟನ್ನು ಚಾಕುವಿನಿಂದ ಪೂರ್ತಿ ಕೆರೆದು, ಮರ ಒಣಗಿದ ಮೇಲೆ ಹೊಸ ಫೆವಿಕಾಲ್ ಹಾಕಿ. ಹಳೇ ಅಂಟಿನ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ಎಷ್ಟು ಹಾಕಿದರೂ ತಿಂಗಳೊಳಗೆ ಕುರ್ಚಿ ಮತ್ತೆ ಕಿರುಗುಡುತ್ತದೆ. ಕ್ಲಾಂಪ್ ಇಲ್ಲದಿದ್ದರೆ ಕಾಲುಗಳ ಸುತ್ತ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ, ಮರುದಿನದವರೆಗೆ ಬಿಡಿ. ಕೀಲೇ ಮುರಿದಿದ್ದರೆ ಬಡಿಗೇರರ ಹತ್ತಿರ ಒಯ್ಯಿರಿ. ಅವರ ಕೂಲಿ ಉಳಿಸಲು ಹೋಗಬೇಡಿ.

ಹಂತ 4: ಹಳೇ ಪಾಲಿಶ್ ಯಾವುದು ಅಂತ ಕಂಡುಹಿಡಿಯಿರಿ

ಕೆಲಸ ಕೆಡುವುದು ಇಲ್ಲೇ. ಪಾಲಿಶ್ ತೆಗೆಯುವ ಮುಂಚೆ ಅದು ಯಾವ ಪಾಲಿಶ್ ಅಂತ ಗೊತ್ತಿರಬೇಕು. ಅದಕ್ಕೆ ಪುಟ್ಟ ಪರೀಕ್ಷೆ ಇದೆ. ಸೀಟಿನ ಅಡಿಯಲ್ಲೋ ಕಾಲಿನ ಒಳಮೈಯಲ್ಲೋ ಒಂದು ಜಾಗ ಆರಿಸಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅರ್ಧ ನಿಮಿಷ ಅಲ್ಲಿ ಒತ್ತಿ ಹಿಡಿಯಿರಿ. ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಚಪಡಾ, ಅಂದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಲ್ಯಾಕರ್ ತೆಳು ಮಾಡುವ ಎನ್‌ಸಿ ಥಿನ್ನರ್‌ನಲ್ಲಿ ಅದೇ ರೀತಿ ಮಾಡಿ. ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪಾಲಿಶ್ ಅಥವಾ ಬಣ್ಣ.

ಚಪಡಾ ಆಗಿದ್ದರೆ ಅರ್ಧ ಕೆಲಸ ಉಳಿಯಿತು. ಅದನ್ನು ಕೀಳಬೇಕಾಗಿಯೇ ಇಲ್ಲ. ಚಪಡಾ ಎಷ್ಟು ಹಳೇದಾದರೂ ಸಾಮಾನ್ಯವಾಗಿ ಸ್ಪಿರಿಟ್‌ಗೆ ಮತ್ತೆ ಕರಗುತ್ತದೆ. ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪವೇ ಸ್ಪಿರಿಟ್ ಹಾಕಿ, ಮರದ ಎಳೆಯ ಗುಂಟ ಹಗುರವಾಗಿ ಉದ್ದಕ್ಕೆ ಎಳೆಯಿರಿ. ಗೀರು, ಬಿಳಿ ಕಲೆ, ಬಿರುಕಿನ ಜಾಲ ಎಲ್ಲಾ ಕರಗಿ ಒಂದಾಗುತ್ತವೆ. ಬಿಸಿ ಚಹಾ ಕಪ್ಪಿನ ಬಿಳಿ ಉಂಗುರ ಪಾಲಿಶ್ ಒಳಗೆ ಸಿಕ್ಕ ತೇವ, ಅದೂ ಇದರಲ್ಲೇ ಹೋಗುತ್ತದೆ. ಕಪ್ಪು ಉಂಗುರದ ಕಥೆ ಬೇರೆ. ಕಬ್ಬಿಣದ ಪಾತ್ರೆ, ನೀರು, ಮರದ ಒಗರು ಸೇರಿ ಆದ ಕಲೆ ಅದು, ಮರದ ಒಳಗಿಳಿದಿರುತ್ತದೆ. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಹಳೇ ಪಾಲಿಶ್ ತೆಗೆದ ಮೇಲೆ, ಬಿಸಿನೀರಲ್ಲಿ ಕರಗಿಸಿ, ಕಲೆಗೆ ಮಾತ್ರ ಅಲ್ಲ, ಇಡೀ ಹಲಗೆಗೆ ಹಚ್ಚಿ. ಇಲ್ಲದಿದ್ದರೆ ಕಪ್ಪು ಕಲೆ ಹೋಗಿ ಬಿಳಿ ಕಲೆ ಬರುತ್ತದೆ. ಈ ಆಸಿಡ್ ವಿಷ. ಕೈಗವಸು ಹಾಕಿ, ಚೆನ್ನಾಗಿ ತೊಳೆಯಿರಿ, ಒಣಗಿದ ಪುಡಿಯನ್ನು ಮಾತ್ರ ಉಜ್ಜಿ ಗಾಳಿಗೆ ಹಾರಿಸಬೇಡಿ.

ಬಣ್ಣ ಬಳಿದ ಸಾಮಾನಾದರೆ ಜಾಸ್ತಿ ಹುಷಾರಾಗಿರಬೇಕು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಆಯಿಲ್ ಪೇಂಟಿನಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಒಣ ಉಜ್ಜು ಬೇಡವೇ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಕೆಲಸವನ್ನು ಅಂಗಳದಲ್ಲೂ ಮಾಡಬೇಡಿ. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಸುಕ್ಕುಗಟ್ಟುವವರೆಗೆ ಕಾದು, ಮೊಂಡು ಸ್ಕ್ರೇಪರಿನಿಂದ ಎತ್ತಿ ಹಳೇ ಪೇಪರಿನಲ್ಲಿ ಕಟ್ಟಿಡಿ. ಬಯಲಿನಲ್ಲೇ ಮಾಡಿ, ಅದರ ಹೊಗೆ ತಲೆಗೆ ಹತ್ತುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸುವ ಅಗ್ಗದ ದಾರಿ ಒಂದಿದೆ. ಕಬ್ಬಿಣದ ಗೇಟಿಗೆ ನಡೆದೀತು, ಸಾಗವಾನಿಗೆ ಬೇಡ. ಮರ ಕಪ್ಪಿಟ್ಟು ಕೀಲೆಲ್ಲಾ ಬಿಚ್ಚುತ್ತದೆ.

ಹಂತ 5: ಈಗ ಪಾಲಿಶ್ ಪೇಪರ್

ಹಳೇ ಪಾಲಿಶ್ ತೆಗೆದ ಮರಕ್ಕೆ ಪೇಪರಿನ ನಂಬರ್ 120, 180, 220. ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು. ಈ ಮೂರೇ ಸಾಕು, ಇದೇ ಕ್ರಮದಲ್ಲಿ. 80 ನಂಬರ್ ಬೇಕಾಗುವುದು ಕೊಡಲಿ ಏಟು ಬಿದ್ದ ಹಲಗೆಗೆ ಮಾತ್ರ. ನಡುವಿನದನ್ನು ಬಿಟ್ಟು 120ರಿಂದ ನೇರ 220ಕ್ಕೆ ಹಾರಿದರೆ ಮೊದಲಿನ ಗೀರು ಹಾಗೇ ಉಳಿಯುತ್ತವೆ. ಉಜ್ಜುವಾಗ ಕಾಣುವುದಿಲ್ಲ, ಪಾಲಿಶ್ ಹಚ್ಚಿದ ಕೂಡಲೇ ಎದ್ದು ಕಾಣುತ್ತವೆ.

ಪೇಪರನ್ನು ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬರೀ ಬೆರಳಿನಿಂದ ಉಜ್ಜಿದರೆ ಬೆರಳಿನ ಕೆಳಗೆ ತಗ್ಗು ಬೀಳುತ್ತದೆ. ಉಜ್ಜುವ ಮುಂಚೆ ಹಲಗೆಯ ತುಂಬಾ ಪೆನ್ಸಿಲ್ಲಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಎಲ್ಲಾ ಕಡೆ ಅಳಿದಾಗ ಒಂದು ನಂಬರ್ ಮುಗಿದಂತೆ. ಯಾವಾಗಲೂ ಎಳೆಯ ಗುಂಟವೇ ಉಜ್ಜಿ. ಕುರ್ಚಿಯಲ್ಲಿ ಉದ್ದದ ಮರ ಅಡ್ಡ ಮರಕ್ಕೆ ಸೇರುವ ಕೀಲಿನ ಹತ್ತಿರ ಎಲ್ಲರೂ ಎಡವುತ್ತಾರೆ. ಅಲ್ಲಿ ಅಡ್ಡ ಮರವನ್ನು ಮೊದಲು ಉಜ್ಜಿ, ಉದ್ದದ ಮರವನ್ನು ಕೊನೆಗೆ ಉಜ್ಜಿ. ಆಗ ದಾಟಿ ಹೋದ ಗೀರು ಅಳಿಯುತ್ತದೆ.

ಪ್ಲೈ ಮೇಲೆ ವೆನಿಯರ್ (ಮರದ ತೆಳು ಹಾಳೆ) ಅಂಟಿಸಿದ ಸಾಮಾನಾದರೆ ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ನೆನಪಿರಲಿ. 220ರಲ್ಲಿ ನಾಲ್ಕು ಸಲ ಎಳೆದು ನಿಲ್ಲಿಸಿ. ಮೂಲೆಯಲ್ಲಿ ಒಮ್ಮೆ ಪ್ಲೈ ಕಂಡರೆ ಮುಗೀತು.

ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಎದ್ದ ನಾರನ್ನು 220ರಲ್ಲಿ ಹಗುರವಾಗಿ ತೆಗೆಯಿರಿ. ಆಮೇಲೆ ಕತ್ತಲು ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಹಲಗೆಗೆ ಒರಗಿಸಿ ಹಿಡಿದು ನೋಡಿ. ಒಂದು ಗೀರೂ ಬಚ್ಚಿಟ್ಟುಕೊಳ್ಳುವುದಿಲ್ಲ.

ತೂತು ತುಂಬಲು ಮರದ ಪುಡಿಗೆ ಫೆವಿಕಾಲ್ ಕಲಸುವ ರೂಢಿ ಇದೆ. ಅದು ಒಣಗಿದ ಮೇಲೆ ಬಣ್ಣ ಕುಡಿಯುವುದಿಲ್ಲ, ಬಿಳಿಚಿಕೊಂಡೇ ನಿಲ್ಲುತ್ತದೆ. ಅದೇ ಕುರ್ಚಿ ಉಜ್ಜಿದ ಪುಡಿಗೆ ದಪ್ಪ ಚಪಡಾ ಕಲಸಿ ತುಂಬಿ.

ಹಂತ 6: ಪಾಲಿಶ್

ನನ್ನ ಮತ ಚಪಡಾಕ್ಕೇ. ಒಂದು ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಚಪಡಾ ಹಾಕಿ ರಾತ್ರಿ ಬಿಟ್ಟರೆ ಬೆಳಗ್ಗೆ ಕರಗಿರುತ್ತದೆ. ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟಲಿಗೆ ಹಾಕಿ. ಕಬ್ಬಿಣದ ಡಬ್ಬಿಯಲ್ಲಿ ಇಟ್ಟರೆ ಕಪ್ಪಾಗುತ್ತದೆ. ಒಲೆಯ ಹತ್ತಿರ ಬೇಡ, ಸ್ಪಿರಿಟ್ ಭಗ್ಗನೆ ಹತ್ತಿಕೊಳ್ಳುತ್ತದೆ. ಹಳೇ ಧೋತರದ ತುಂಡಿನಲ್ಲಿ ಹತ್ತಿ ಸುತ್ತಿ ಉಂಡೆ ಮಾಡಿ, ಅದ್ದಿ, ಹಿಂಡಿ, ತೆಳ್ಳಗೆ ಹಚ್ಚಿ. ಹಲಗೆಯ ನಡುವೆ ಕೈ ನಿಲ್ಲಿಸಬೇಡಿ. ನಿಂತ ಕಡೆ ಉಂಡೆ ಅಂಟಿ ಗುರುತು ಬೀಳುತ್ತದೆ. ಮೂರು ಕೋಟ್ ಆದ ಮೇಲೆ 320ರ ಪೇಪರ್ ಹಗುರವಾಗಿ ಆಡಿಸಿ, ಮತ್ತೆ ಮೂರು ಕೋಟ್.

ಊಟದ ಮೇಜಿಗೆ ಮಾತ್ರ ಚಪಡಾ ಬೇಡ. ಬಿಸಿ ಪಾತ್ರೆ ಅದಕ್ಕೆ ಆಗಿಬರುವುದಿಲ್ಲ. ಅಲ್ಲಿ ಮೆಲಮೈನ್ ಅಥವಾ ಪಿಯು ಹಾಕಿ, ಮಾಸ್ಕ್ ಕಟ್ಟಿಕೊಂಡು.

ಅಗಸಿ ಎಣ್ಣೆ ಹಚ್ಚುವವರೂ ಇದ್ದಾರೆ. ಸಾಗವಾನಿಗೆ ಚೆಂದ ಕಾಣುತ್ತದೆ, ಆದರೆ ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಬಯಲಲ್ಲಿ ಹರವಿ ಒಣಗಿಸಿ. ಅಂಗಡಿಯಲ್ಲಿ ಸಿಗುವ ಹೊಳಪಿನ ಸ್ಪ್ರೇಗಳಿಂದ ದೂರ ಇರಿ. ಅವುಗಳಲ್ಲಿ ಸಿಲಿಕೋನ್ ಇದ್ದರೆ ಮರದೊಳಗೆ ಇಳಿದು, ಆಮೇಲೆ ಹಚ್ಚುವ ಪಾಲಿಶ್ ಎಲ್ಲಾ ಸಣ್ಣ ಕುಳಿ ಕುಳಿಯಾಗಿ ಒಡೆಯುತ್ತದೆ.

ನಮ್ಮೂರ ಮಳೆಗಾಲ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿ ಹಿಡಿದ ದಿನ ಪಾಲಿಶ್ ಹಚ್ಚಿದರೆ ತೇವ ಸಿಕ್ಕಿ ಬೆಳ್ಳಗೆ ಮಂಜು ಕಟ್ಟುತ್ತದೆ. ಆ ದಿನಗಳಲ್ಲಿ ಕೀಲಿನ ಕೆಲಸ ಮಾಡಿಕೊಳ್ಳಿ.

ಹಂತ 7: ಯಾವ ಊರಿಗೆ ಹೋಗುತ್ತದೆ ಅಂತ ಕೇಳಿ

ಇದನ್ನು ಯಾರೂ ಕೇಳುವುದಿಲ್ಲ. ಬೆಳಗಾವಿಯ ತೇವದಲ್ಲಿ ಇದ್ದ ಮೇಜು ವಿಜಯಪುರದ ಬಿಸಿಲಿಗೆ ಹೋದರೆ ಹಲಗೆ ಅಗಲದಲ್ಲಿ ಕುಗ್ಗುತ್ತದೆ. ಸುತ್ತ ಮೊಳೆ ಹೊಡೆದು ಕಟ್ಟಿಹಾಕಿದ್ದರೆ ನಡುವೆ ಸೀಳು ಬಿಡುತ್ತದೆ. ಹಲಗೆಯನ್ನು ಸ್ಕ್ರೂನಿಂದ ಹಿಡಿಸಿ, ಸ್ಕ್ರೂ ತೂತನ್ನು ಹಲಗೆಯ ಅಗಲದ ಕಡೆಗೆ ಸ್ವಲ್ಪ ಉದ್ದ ಮಾಡಿ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಸಾಮಾನಿನದು ಉಲ್ಟಾ. ಅಲ್ಲಿ ಮರ ಉಬ್ಬುತ್ತದೆ, ಡ್ರಾಯರ್ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಮೊದಲೇ ಸಂದು ಬಿಟ್ಟು, ಓಡುವ ಅಂಚಿಗೆ ಮೇಣ ತಿಕ್ಕಿ ಕಳಿಸಿ.

ಹಂತ 8: ಬೆಲೆ ಮತ್ತು ಮಾರಾಟ

ಪ್ರತಿ ಸಾಮಾನಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಕುರ್ಚಿ 700 ರೂಪಾಯಿಗೆ ಬಂತು, ಆಟೋ 150, ಚಪಡಾ, ಸ್ಪಿರಿಟ್, ಪೇಪರ್ ಸೇರಿ 250 ಅಂದುಕೊಳ್ಳಿ. ಆರು ತಾಸಿನ ಕೆಲಸಕ್ಕೆ ತಾಸಿಗೆ 120ರಂತೆ 720. ಒಟ್ಟು 1,820. ಅದರ ಮೇಲೆ ಕಾಲುಭಾಗ ಲಾಭ ಇಟ್ಟರೆ 2,275. ನೀವು 2,500 ಹೇಳಿ. ತಮ್ಮ ಕೂಲಿ ಬರೆಯದೇ ಇರುವವರೇ "ಈ ಧಂದೆಯಲ್ಲಿ ಏನೂ ಉಳಿಯಲ್ಲ" ಅಂತ ಒಂದು ವರ್ಷಕ್ಕೆ ಬಿಡುವುದು.

"ಅಕ್ಕಾರ, ಹಳೇ ಸಾಮಾನಿಗೆ ಇಷ್ಟ್ ರೇಟೇನ್ರೀ?" ಅಂತ ಕೇಳಿಯೇ ಕೇಳುತ್ತಾರೆ. ವಾದ ಮಾಡಬೇಡಿ. ಕೆಲಸಕ್ಕೆ ಮುಂಚಿನ ಫೋಟೋ ತೋರಿಸಿ, ಕುರ್ಚಿಯನ್ನು ಅವರ ಕೈಯಿಂದಲೇ ಬೋರಲು ಹಾಕಿಸಿ ಕೀಲು ಅಲುಗಾಡಿಸಲು ಹೇಳಿ. ಫೋಟೋ ಬೆಳಗಿನ ನೆರಳಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ಗೀರಿದ್ದರೆ ಗೀರಿನ ಫೋಟೋನೂ ಹಾಕಿ. ಮತ್ತಿ, ಶಿವನಿ, ಅಕೇಶಿಯಾ ಮರವನ್ನು ಸಾಗವಾನಿ ಅಂತ ಮಾರಬೇಡಿ, ನಮ್ಮೂರಲ್ಲಿ ಮರ ಗೊತ್ತಿರುವವರು ಸಾಕಷ್ಟಿದ್ದಾರೆ. ಜಾಹೀರಾತನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯಿರಿ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರಕಾರದ್ದಲ್ಲ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಗೋವಾ, ಕೊಲ್ಹಾಪುರಕ್ಕೆ ಮಾರಿ ಕಳಿಸಿದರೆ ಈ ರಿಯಾಯಿತಿ ಸಿಗುವುದಿಲ್ಲ. ಹೊರರಾಜ್ಯದ ಆರ್ಡರ್ ಒಪ್ಪುವ ಮುಂಚೆ ಟ್ಯಾಕ್ಸ್ ಕೆಲಸ ನೋಡುವವರನ್ನು ಕೇಳಿ.

ಕಳಿಸುವಾಗ ಬಬಲ್ ಪ್ಲಾಸ್ಟಿಕ್ ಸುತ್ತಬೇಡಿ. ಚಪಡಾ ಕೈಗೆ ಒಣಗಿದಂತೆ ಅನಿಸಿದರೂ ಒಳಗೆ ಗಟ್ಟಿಯಾಗಲು ಇನ್ನೂ ಕೆಲವು ದಿನ ಬೇಕು. ಟಾಟಾ ಏಸ್‌ನಲ್ಲಿ ಬಿಸಿಲಿಗೆ ಹೋದರೆ ಪ್ಲಾಸ್ಟಿಕ್ಕಿನ ಗುಳ್ಳೆಗಳು ಪಾಲಿಶ್ ಮೇಲೆ ಅಚ್ಚೊತ್ತಿಕೊಳ್ಳುತ್ತವೆ. ಹಳೇ ಕೌದಿ ಸುತ್ತಿ ಹಗ್ಗ ಕಟ್ಟಿ. ಕೌದಿ ವಾಪಸ್ ತರಲು ಡ್ರೈವರಿಗೆ ಮೊದಲೇ ಹೇಳಿಡಿ.